ಬಾಗಿಲು ತೆಗೆಸಿದ್ದು

ನಮ್ಮ ಮನೆಯಲ್ಲಿ ಗೋಡೆಗಳಿಲ್ಲ. ಹಿಂದೆ ಇದು ಹತ್ತಿ ಮೂಟೆಗಳ ಗೋದಾಮು. ಮೇಲಿನ ಮಹಡಿಯ ಈ ಉದ್ದನೆಯ ಹಾಲಿಗೆ ನನ್ನ ಗಂಡ ತಾನೇ ನಕ್ಷೆ ಬರೆದು ಮನೆ ಮಾಡಿದ. ಇಟ್ಟಿಗೆಯ ಮೇಲಿನ ಗಾರೆ ಕೆರೆಸಿದ, ಕಬ್ಬಿಣದ ಕಂಬಗಳಿಗೆ ಕಪ್ಪು ಬಣ್ಣ ಬಳಿಸಿದ, ಒಂದು ತುದಿಯಲ್ಲಿ ಮರದ ಅಟ್ಟ ಕಟ್ಟಿಸಿ ಅದರ ಮೇಲೆ ಮಂಚ ಹಾಕಿಸಿದ. ಅಡುಗೆ, ಊಟ, ಓದು, ನಿದ್ದೆ ಎಲ್ಲ ಒಂದೇ ಬಯಲಲ್ಲಿ. ಬಚ್ಚಲು ಬಿಟ್ಟರೆ ಬಾಗಿಲಿದ್ದದ್ದು ಒಂದೇ ಕಡೆ. ಮೂಲೆಯಲ್ಲಿ, ಗೋದಾಮಿನ ಕಾಲದಲ್ಲಿ ತೂಕದ ಗುಮಾಸ್ತ ಕೂರುತ್ತಿದ್ದ ಪುಟ್ಟ ಕೋಣೆಗೆ. ದಪ್ಪ ಮರದ ಬಾಗಿಲು. ಅದನ್ನು ಉಳಿಸಿಕೊಂಡು ಅವನು ಅಲ್ಲಿ ಕೂತು ಕೆಲಸ ಮಾಡುತ್ತಿದ್ದ.

ಹೋದ ಚಳಿಗಾಲದಲ್ಲಿ, ಬೇರೆ ಯಾರದೋ ಮನೆ ಕಟ್ಟಿಸುತ್ತಿದ್ದಾಗ, ಎದೆ ಹಿಡಿದುಕೊಂಡು ಕುಸಿದ. ಅಷ್ಟೇ.

ಆಮೇಲೆ ಅತ್ತೆ ಬಂದರು. ನನಗೆ ಜೊತೆಗಿರಲಿ ಅಂತ ಎಲ್ಲರೂ ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ಆಗ ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

“ಇಂಥಾ ಮನೆಗೆ ಏನಂತಾರೆ?” ಅಂದರು ಬಂದವರೇ, ಪೆಟ್ಟಿಗೆ ಕೆಳಗಿಡದೆ.

“ಲಾಫ್ಟ್ ಅಂತಾರೆ, ಅತ್ತೆ.”

“ಲಾಫ್ಟ್ ಅಂದ್ರೆ ಅಡುಗೆಮನೇಲಿ ಹಳೇ ಪಾತ್ರೆ ತುಂಬಿಡೋ ಜಾಗ ಅಲ್ವೇನೆ? ಸರಿಹೋಯ್ತು. ನನ್ನನ್ನೂ ಮೇಲಿಟ್ಬಿಡು.”

ಹಾಗೆ ಅಟ್ಟವೂ ಮಂಚವೂ ಅವರದಾಯಿತು. ನಾನು ಗುಮಾಸ್ತನ ಕೋಣೆಗೆ ಚಾಪೆ ತಂದುಕೊಂಡೆ.

ಅದು ನನಗೆ ಬೇಕೂ ಇತ್ತು. ಗಂಡನ ಫೋನಿನಲ್ಲಿ ಅವನ ದನಿ ಉಳಿದಿತ್ತು. ಕೆಲಸದವರಿಗೆ ಅವನು ಏನನ್ನೂ ಬರೆದು ಕಳಿಸಿದವನಲ್ಲ, ಬರೀ ಮಾತಾಡಿ ಕಳಿಸುತ್ತಿದ್ದ. ನಲ್ಲಿ ಎಡಗಡೆ ಬರಲಿ. ಆ ಕಂಬಕ್ಕೆ ಇನ್ನೊಂದು ಕೈ ಬಣ್ಣ ಹೊಡಿ. ನಾಳೆಯಾದ್ರೂ ಬೇಗ ಬಾರಪ್ಪ. ನನಗೆ ಅಷ್ಟು ಸಾಕಿತ್ತು. ಕೆಲಸದಿಂದ ಬಂದು, ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡರೆ ಅವನು ನನ್ನ ತಲೆಯೊಳಗಿಂದ ಮಾತಾಡಿದ ಹಾಗಾಗುತ್ತಿತ್ತು. ನನಗೆ ಅವನು ಕೋಣೆಯಲ್ಲಿ ಬೇಕಿತ್ತು. ಬಾಗಿಲು ಹಾಕಿದ್ದಷ್ಟು ಹೊತ್ತು ಅವನು ನನ್ನೊಬ್ಬಳವನು. ಜೊತೆಗೆ, ಅವನು ಆಡಿದ ಒಂದು ಮಾತು ಅತ್ತೆಯ ಕಿವಿಗೆ ಬೀಳಬಾರದಂಥದ್ದಿತ್ತು.

ಒಂದು ಸಂಜೆ ಅತ್ತೆ ಅಟ್ಟದ ಮೇಲಿಂದ ಮಗಳಿಗೆ ಫೋನು ಮಾಡಿದರು. ನಾನು ಕೆಳಗೆ ಪಾತ್ರೆ ತೊಳೆಯುತ್ತಿದ್ದೆ. ಗೋಡೆಯಿಲ್ಲದ ಮನೆಯಲ್ಲಿ ಪಿಸುಮಾತೂ ಎಲ್ಲರದು. ಅತ್ತೆಗೆ ಅದು ಗೊತ್ತಿರಲಿಲ್ಲ, ಅಥವಾ ಚೆನ್ನಾಗಿ ಗೊತ್ತಿತ್ತು.

“ಒಳಗಿಂದ ಗಂಡಸಿನ ದನಿ ಕೇಳುತ್ತೆ ಕಣೇ... ಹೂಂ, ದಿನಾ. ಇವಳದ್ದು ಒಂದು ಮಾತಿಲ್ಲ, ಬರೀ ಅವನೇ ಆಡ್ತಾನೆ... ನನಗೇನು ಗೊತ್ತು ಯಾವನೋ. ದನೀಲೇ ಗೊತ್ತಾಗುತ್ತಲ್ಲ, ಪೋಲಿ ನನ್ಮಗ ಅಂತ.”

ಆಗಲೇ ಮೇಲೆ ನೋಡಿ ಹೇಳಬಹುದಿತ್ತು. ಹೇಳಲಿಲ್ಲ. ಹೆತ್ತವಳಲ್ಲವೆ, ತಾನೇ ಗುರುತು ಹಿಡಿಯಲಿ ಅನ್ನಿಸಿತು. ಹಿಡಿಯಲಿಲ್ಲ.

ಈ ನಡುವೆ ಬಾಗಿಲು ಉಬ್ಬಿ ನೆಲಕ್ಕೆ ಕಚ್ಚತೊಡಗಿತು. ಹಾಕಿದರೆ ಎರಡು ಕೈ ಕೊಟ್ಟು ಎಳೆಯಬೇಕು. ಮನೆ ಮಾಡಿಕೊಟ್ಟ ಬಡಗಿ ಮೇಸ್ತ್ರಿಗೇ ಫೋನು ಮಾಡಿ, “ಬಾಗಿಲು ತೆಗೆಯೋಕೇ ಆಗ್ತಿಲ್ಲ ಮೇಸ್ತ್ರಿ, ಬಂದು ಒಂಚೂರು ನೋಡಿ. ಮನೇಲಿ ಅತ್ತೆ ಇರ್ತಾರೆ” ಅಂದು ಕೆಲಸಕ್ಕೆ ಹೋದೆ. ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಪದ ತಪ್ಪಿದರೆ ಸಂಬಳ ಕೊಡುವವರು ಸುಮ್ಮನಿರುವುದಿಲ್ಲ.

ಸಂಜೆ ಬಂದಾಗ ಮೇಸ್ತ್ರಿ ಮರದ ಪುಡಿ ಗುಡಿಸುತ್ತಿದ್ದ. ಬಾಗಿಲಿರಲಿಲ್ಲ. ಚೌಕಟ್ಟಿನಲ್ಲಿ ಮೊಳೆ ಕಿತ್ತ ತೂತುಗಳು ಹಸಿಯಾಗಿದ್ದವು.

“ಏನಿದು ಮೇಸ್ತ್ರಿ?”

“ತೆಗೀಬೇಕು ಅಂದ್ರಲ್ಲಮ್ಮ.” ಅವನ ಮುಖ ಸಣ್ಣದಾಯಿತು. “ನನಗೂ ಅನುಮಾನ ಬಂತು. ತೆಗೆಯೋದು ಅಂದ್ರೆ ಪೂರ್ತಿನಾ ಅಂತ ಅಮ್ಮಾವ್ರನ್ನ ಕೇಳ್ದೆ. ಹೂಂ, ಪೂರ್ತಿ ತೆಗೆದುಬಿಡಿ ಅಂದ್ರು.”

“ಎಲ್ಲಿ ಅದು?”

“ನೀವೇ ಇಟ್ಕೊಳ್ಳಿ ಅಂದ್ರು. ಆಗಲೇ ಗಾಡೀಲಿ ಕಳಿಸ್ಬಿಟ್ಟೆ.”

ಅತ್ತೆ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದರು. “ನನ್ನನ್ಯಾಕೆ ನೋಡ್ತೀಯ? ತೆಗೀಬೇಕು ಅಂದವಳು ನೀನು. ತೆಗೆಯೋದ್ರಲ್ಲಿ ಎರಡು ಥರ ಇದೆ ಅಂತ ನಿನ್ನಂಗೆ ಡಿಗ್ರಿ ಮಾಡಿದವರಿಗೆ ಗೊತ್ತು, ನಮ್ಮಂಥವರಿಗೆಲ್ಲಿ.”

ಮೇಸ್ತ್ರಿ ಕಸವನ್ನು ಹಾಗೇ ಬಿಟ್ಟು, ಚೀಲ ಎತ್ತಿಕೊಂಡು ಹೊರಟುಹೋದ.

ಕೈಕಾಲು ತೊಳೆದು ಕೋಣೆಗೆ ಹೋಗಿ ಚಾಪೆಯ ಮೇಲೆ ಕೂತೆ. ಅತ್ತೆ ಕುರ್ಚಿಯನ್ನು ದರದರ ಎಳೆದು ತಂದು ಚೌಕಟ್ಟಿನ ಎದುರಿಗೇ ಹಾಕಿಕೊಂಡರು.

“ಆಹಾ, ಈಗ ನೋಡು ಎಷ್ಟು ಗಾಳಿ. ಎಲ್ಲಿ, ಮಾತಾಡಮ್ಮ ಈಗ ನಿನ್ನ ಆ ಮಹಾಶಯನ ಜೊತೆ. ನಾನೂ ಕೇಳ್ತೀನಿ.”

ಫೋನು ತೆಗೆದುಕೊಂಡೆ. ನಲ್ಲಿಯ ಮಾತು, ಬಣ್ಣದ ಮಾತು, ಎಲ್ಲ ದಾಟಿ, ಯಾವುದು ಬೇಕೋ ಅದನ್ನೇ ಹುಡುಕಿ ಹಾಕಿದೆ.

“ಮೇಸ್ತ್ರೀ, ಅಟ್ಟದ ಮೇಲೆ ರೂಮು ಗೀಮು ಏನೂ ಬೇಡ. ಒಂದು ಗೋಡೆ ಎದ್ರೂ ನಮ್ಮಮ್ಮ ಪೆಟ್ಟಿಗೆ ತಗೊಂಡು ಬಂದು ಕೂತ್ಬಿಡ್ತಾಳೆ. ಎಲ್ಲಾ ಬಯಲಾಗಿರ್ಲಿ. ಮೆಟ್ಟಿಲೂ ಕಡಿದಾಗೇ ಮಾಡಿ. ಒಂದು ಸಲ ಹತ್ತಿದವಳು ಇನ್ನೊಂದು ಸಲ ಈ ಕಡೆ ತಲೆ ಹಾಕ್ಬಾರ್ದು.” ಆಮೇಲೆ ಅವನ ನಗು. ಅವನ ನಗು ಯಾವಾಗಲೂ ಬೇಕಾದ್ದಕ್ಕಿಂತ ಸ್ವಲ್ಪ ಉದ್ದ.

ಮೊದಲ ಮಾತಿಗೇ ಅತ್ತೆ ಅರ್ಧ ಎದ್ದಿದ್ದರು. ಮುಗಿದಾಗ ಹಾಗೇ, ಕುರ್ಚಿಯ ಕೈ ಹಿಡಿದು, ಎದ್ದೂ ಇಲ್ಲದೆ ಕೂತೂ ಇಲ್ಲದೆ ನಿಂತಿದ್ದರು.

“ಇದು... ಯಾವಾಗಿಂದು?”

“ಮನೆ ಮಾಡುವಾಗಿನದು ಅತ್ತೆ. ಪೋಲಿ ಅಂದ್ರಲ್ಲ, ಅವನೇ.”

ಅವರು ಬೈಯುತ್ತಾರೆ ಅಂದುಕೊಂಡೆ. ಅಳುತ್ತಾರೆ ಅಂದುಕೊಂಡೆ, ಅದಕ್ಕೆ ತಯಾರಾಗಿಯೂ ಇದ್ದೆ. ಅವರು ನಿಧಾನ ಕೂತು, ಸೆರಗು ಸರಿಮಾಡಿಕೊಂಡು, “ಇನ್ನೊಂದು ಸಲ ಹಾಕು” ಅಂದರು.

ಹಾಕಿದೆ.

“ನಮ್ಮಮ್ಮ ಅಂದ, ಕೇಳ್ದಾ?” ಅಂದರು. “ಚಿಕ್ಕವನಿದ್ದಾಗಲೂ ಹೀಗೇ. ಯಾರ ಮುಂದಾದ್ರೂ ನಮ್ಮಮ್ಮ, ನಮ್ಮಮ್ಮ.” ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, “ನನ್ನ ಹೆಸರೆತ್ತಿದ್ದು ಬೇರೆ ಏನಾದ್ರೂ ಇದೆಯೇನೆ ಅದರಲ್ಲಿ?”

“ಇಲ್ಲ ಅತ್ತೆ.”

ಇದೆ. ಅಟ್ಟದ ಕೆಲಸ ಮುಗಿಯುವ ಹೊತ್ತಿಗೆ ಅದೇ ಮೇಸ್ತ್ರಿಗೆ ಕಳಿಸಿದ್ದು. “ಆ ಮೆಟ್ಟಿಲಿಗೆ ಕೈಗೆ ಸಿಗೋ ಹಾಗೆ ಒಂದು ಕಂಬಿ ಹಾಕಿ ಮೇಸ್ತ್ರಿ. ನಮ್ಮಮ್ಮನಿಗೆ ಮಂಡಿ ನೋವು. ಬೇಡ ಅಂದ್ರೂ ಬರ್ತಾಳೆ. ಬರ್ಲಿ ಬಿಡಿ, ಇನ್ನೆಲ್ಲಿಗೆ ಹೋಗ್ತಾಳೆ.”

ಮೇಸ್ತ್ರಿ ಹಾಕಿಕೊಟ್ಟ. ಅದನ್ನು ಹಿಡಿದುಕೊಂಡೇ ಅತ್ತೆ ಈಗ ದಿನಾ ಸಂಜೆ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾರೆ. ಕೋಣೆಯ ಎದುರು ಕುರ್ಚಿಯಲ್ಲಿ ಕೂತು, “ಹಾಕು” ಅನ್ನುತ್ತಾರೆ.

ನಾನು ಆ ಮೊದಲಿನದನ್ನೇ ಹಾಕುತ್ತೇನೆ.