ಕ್ಯೂರಿಂಗ್

ಕಾರು ನಿಂತಲ್ಲೇ ನಿಂತು ಗಂಟೆಗೆ ನೂರೆಂಬತ್ತು ಕಿಲೋಮೀಟರ್ ಓಡಬೇಕಿತ್ತು. ಆ ಕೋಣೆಯನ್ನು ಕಟ್ಟಿಸಿದ್ದೇ ಅದಕ್ಕೆ. ಮೂರು ತಿಂಗಳಿಂದ ಅಕ್ಕ ತಮ್ಮ ಇಬ್ಬರಿಗೂ ಬೇರೆ ಯೋಚನೆಯೇ ಇರಲಿಲ್ಲ. ತಮ್ಮ ಓಡುವುದರ ಬಗ್ಗೆ ಯೋಚಿಸುತ್ತಿದ್ದ, ಅಕ್ಕ ನಿಂತಿರುವುದರ ಬಗ್ಗೆ.

ತಮ್ಮನಿಗೆ ಮೂವತ್ತಾರು ತುಂಬಿ ಗಡ್ಡದಲ್ಲಿ ನಾಲ್ಕಾರು ಬಿಳಿಗೂದಲು ಇಣುಕಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟನೇ. ಕಾರಿನ ಎಂಜಿನ್ನನ್ನು ಬಿಚ್ಚಿ, ಹದಗೊಳಿಸಿ, ಅದರ ಶಕ್ತಿ ಹೆಚ್ಚಿಸಿ ಕೊಡುವುದು ಅವನ ಕಸುಬು. ಹದಿನಾಲ್ಕು ವರ್ಷ ಅದನ್ನು ಕಿವಿಯ ಅಂದಾಜಿನಲ್ಲೇ ಮಾಡಿದ. ಸರಿಯಾಯಿತೋ ಇಲ್ಲವೋ ಎಂದು ನೋಡಲು ಊರಾಚೆಯ ಖಾಲಿ ರಸ್ತೆಗೆ ಕಾರನ್ನು ಒಯ್ದು, ಉಸಿರು ಬಿಗಿಹಿಡಿದು ಓಡಿಸುತ್ತಿದ್ದ. ಹೋದ ವರ್ಷ ಆ ಖಾಲಿ ರಸ್ತೆಯ ತಿರುವಿನಾಚೆ ಒಂದು ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಕೂದಲೆಳೆಯಲ್ಲಿ ಪಾರಾಗಿ ಬಂದವನು ಅಂಗಳದಲ್ಲೇ ಅರ್ಧ ಗಂಟೆ ಕೂತಿದ್ದ.

"ಇನ್ನು ನೀನು ರಸ್ತೇಲಿ ಪರೀಕ್ಷೆ ಮಾಡೋ ಹಾಗಿಲ್ಲ," ಎಂದಿದ್ದಳು ಅಕ್ಕ. "ವರ್ಕ್‌ಶಾಪಲ್ಲೇ ಡೈನೋ ಹಾಕ್ಸು, ಕಾರನ್ನ ನಿಂತಲ್ಲೇ ಓಡ್ಸಿ ಅಳೆಯೋ ಮಿಷನ್ನು. ಕೂರ್ಸೋ ಜವಾಬ್ದಾರಿ ನಂದು."

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದವಳು. ಯಾವುದೇ ಅಳತೆಯನ್ನು ಮೂರು ಸಲ ತೆಗೆಯದೆ ಬರೆದುಕೊಳ್ಳುವವಳಲ್ಲ. ಕೊಟ್ಟ ಮಾತಿನಂತೆ ಕೋಣೆಯ ಒಂದೊಂದು ಅಂಗುಲವನ್ನೂ ತಾನೇ ನಿಂತು ಮಾಡಿಸಿದಳು. ಹನ್ನೊಂದು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಗೋಡೆಗೆಲ್ಲ ಸದ್ದು ನುಂಗುವ ಬೂದು ಹಲಗೆ, ಮೊಟ್ಟೆಯ ಟ್ರೇಗಳನ್ನು ನಿಲ್ಲಿಸಿದ ಹಾಗೆ. ಹೊಗೆಯನ್ನು ಹೊರಗೆ ಎಳೆದುಕೊಳ್ಳಲು ಆನೆಸೊಂಡಿಲಿನಂಥ ಕೊಳವೆ. ನೆಲದ ಗುಂಡಿಯಲ್ಲಿ ಎರಡು ಉಕ್ಕಿನ ರೋಲರ್, ಎರಡೂ ಸೇರಿ ಒಂದೂಕಾಲು ಟನ್. ಕಾರಿನ ಹಿಂದಿನ ಚಕ್ರಗಳು ಅವುಗಳ ಮೇಲೆ ಕೂತು ಅವನ್ನು ತಿರುಗಿಸುತ್ತವೆ. ಅವು ಎಷ್ಟು ಬೇಗ ವೇಗ ಪಡೆದವು ಅನ್ನುವುದರಿಂದ ಎಂಜಿನ್ನಿನ ಶಕ್ತಿ ಗೊತ್ತಾಗುತ್ತದೆ. ಪಕ್ಕದಲ್ಲಿ ದಪ್ಪ ಗಾಜಿನ ಕಿಟಕಿಯ ಸಣ್ಣ ಕೋಣೆ. ಅಲ್ಲಿ ಕಂಪ್ಯೂಟರು, ತಮ್ಮನ ಕಿವಿಗೆ ಮಾತು ಮುಟ್ಟಿಸುವ ಮೈಕು, ಅವನ ಮಾತು ಕೇಳಿಸುವ ಇಯರ್‌ಫೋನು, ರೋಲರಿಗೆ ತಟಕ್ಕನೆ ಬ್ರೇಕ್ ಹಾಕುವ ಕೆಂಪು ಗುಂಡಿ. ಆ ಕೆಂಪು ಗುಂಡಿ ಬೇಕೇ ಬೇಕು ಎಂದು ಹಟ ಹಿಡಿದು ಹಾಕಿಸಿದವಳೂ ಅವಳೇ.

ಕಾರು ಮುಂದಕ್ಕೆ ನೆಗೆಯದಂತೆ ಹಿಡಿಯುವುದು ಮಾತ್ರ ನಾಲ್ಕು ಪಟ್ಟಿಗಳು. ಆ ನಾಲ್ಕು ಪಟ್ಟಿಗಳನ್ನು ಹಿಡಿಯುವುದು ನೆಲದಲ್ಲಿ ನೆಟ್ಟ ನಾಲ್ಕು ಬೋಲ್ಟುಗಳು.

ಅವಳ ಹೆದರಿಕೆಯೆಲ್ಲ ಆ ನಾಲ್ಕರಲ್ಲಿತ್ತು. ಕಾರು ನಿಂತಿದೆ ಎಂದು ಕಣ್ಣು ಹೇಳುತ್ತದೆ. ಚಕ್ರಕ್ಕೆ ಅದು ಗೊತ್ತಿಲ್ಲ. ಬೋಲ್ಟು ಕಿತ್ತು, ಚಕ್ರ ರೋಲರ್ ದಾಟಿ ನೆಲ ಕಚ್ಚಿತೆಂದರೆ ಆ ವೇಗವೆಲ್ಲ ಒಂದೇ ಏಟಿಗೆ ಕಾರಿನ ಪಾಲಾಗುತ್ತದೆ. ಎದುರಿನ ಗೋಡೆ ಇರುವುದು ಎರಡೂವರೆ ಮೀಟರ್ ದೂರದಲ್ಲಿ. ಆ ಲೆಕ್ಕವನ್ನು ಒಂದು ಸಲ ಕಾಗದದ ಮೇಲೆ ಮಾಡಿ, ಉತ್ತರ ನೋಡಿ, ಮಡಚಿಟ್ಟಿದ್ದಳು. ಎರಡನೇ ಸಲ ತಾಳೆ ನೋಡುವ ಧೈರ್ಯ ಬರಲಿಲ್ಲ.

ಈ ಬೆಳಗ್ಗೆ ಬಂದವಳೇ ಟಾರ್ಕ್ ಪಾನಾ ಹಿಡಿದು ನೆಲಕ್ಕೆ ಕೂತಳು. ಬೇಕಾದಷ್ಟು ಬಿಗಿ ಇದ್ದರೆ ಆ ಪಾನಾ ಟಕ್ ಅನ್ನುತ್ತದೆ. ನಾಲ್ಕೂ ಬೋಲ್ಟು ಟಕ್ ಅಂದವು. ಮತ್ತೆ ಒಂದು ಸುತ್ತು ನೋಡಿದಳು. ಮತ್ತೆ ಟಕ್.

"ಎಷ್ಟು ಸಲ ನೋಡ್ತೀಯಕ್ಕ? ಬೋಲ್ಟಿಗೆ ದೃಷ್ಟಿಯಾದೀತು," ಎಂದ ತಮ್ಮ, ತನ್ನ ಹಳೇ ಕೆಂಪು ಕಾರಿನ ಬಾಗಿಲಿಗೆ ಒರಗಿಕೊಂಡು.

"ಆದ್ರೆ ಆಗ್ಲಿ. ಎಡಗಡೆ ಹಿಂದಿನ ಪಟ್ಟಿ ಇನ್ನೊಂದು ಹಲ್ಲು ಬಿಗಿ ಮಾಡು."

"ಇನ್ನೂ ಬಿಗಿ ಮಾಡಿದ್ರೆ ಕಾರು ಪಾತಾಳಕ್ಕಿಳಿಯುತ್ತೆ. ಆಮೇಲೆ ಅದನ್ನ ಮೇಲೆತ್ತೋಕೆ ಇನ್ನೊಂದು ಮಿಷನ್ ತರ್ಸು."

ಬಿಗಿ ಮಾಡಿಸಿದಳು.

ಮೊದಲ ಓಟ ಅರವತ್ತರಲ್ಲಿ, ಎರಡನೆಯದು ನೂರರಲ್ಲಿ. ಎರಡು ಸಲವೂ ರೋಲರ್ ಗುಂಯ್‌ಗುಟ್ಟಿತು, ಕಾರು ಕಟ್ಟಿಹಾಕಿದ ಪ್ರಾಣಿಯಂತೆ ಒಂದಿಷ್ಟು ಮೈ ಕೊಡವಿತು, ನಿಂತಿತು. ಎರಡು ಸಲವೂ ಅವಳು ಒಳಗೆ ಹೋಗಿ ಪಟ್ಟಿಗಳನ್ನು ಬೆರಳಿನಿಂದ ಮೀಟಿ ನೋಡಿ ಬಂದಳು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದಷ್ಟೂ ಭಯ ಹೆಚ್ಚಾಯಿತು.

ಮೂರನೆಯದು ಪೂರ್ತಿ ಓಟ. ಅಷ್ಟರಲ್ಲಿ ಮೇಸ್ತ್ರಿ ಬಂದ. ಗುಂಡಿ ತೋಡಿ, ಕಾಂಕ್ರೀಟು ಹಾಕಿ, ಬೋಲ್ಟು ನೆಟ್ಟವನು ಅವನೇ. ಉಳಿದಿದ್ದ ತನ್ನ ಬಕೆಟ್ಟು ಕರಣೆ ಒಯ್ಯಲು ಬಂದವನು ಗಾಜಿನ ಕೋಣೆಯ ಸ್ಟೂಲೆಳೆದು ಕೂತೇಬಿಟ್ಟ.

"ನಾನು ಕಟ್ಟಿದ ಕೋಣೇಲಿ ಏನು ಕುಣೀತೀರ ಅಂತ ನಾನೂ ನೋಡ್ಬೇಡ್ವೇ ಮೇಡಮ್?"

"ನೋಡಿ. ಮಾತಾಡ್ಬೇಡಿ."

ತಮ್ಮ ಕಾರನ್ನು ನೂರಿಪ್ಪತ್ತಕ್ಕೆ ತಂದು ಅಲ್ಲೇ ಹಿಡಿದ, ಎಂಜಿನ್ನಿನ ಎಣ್ಣೆ ಬಿಸಿಯಾಗಲಿ ಎಂದು. ಗಾಜು ಸಣ್ಣಗೆ ನಡುಗುತ್ತಿತ್ತು. ಅವಳ ಕಣ್ಣು ಎಡಗಡೆಯ ಹಿಂದಿನ ಪಟ್ಟಿಯ ಮೇಲಿತ್ತು.

"ನಮ್ಮಪ್ಪ ಎಮ್ಮೆನ ಹೀಗೇ ನಾಲ್ಕು ಕಡೆ ಕಟ್ತಿದ್ದ," ಎಂದ ಮೇಸ್ತ್ರಿ. "ಅದು ಓಡ್ತಿರಲಿಲ್ಲ, ಅಷ್ಟೇ ವ್ಯತ್ಯಾಸ."

ಅವಳು ತಿರುಗಲಿಲ್ಲ. ಅವಳ ಬಿಳಚಿದ ಮುಖ ನೋಡಿ ಮೇಸ್ತ್ರಿಗೆ ಮರುಕ ಬಂತೇನೋ.

"ಯಾಕಿಷ್ಟು ಹೆದರ್ತೀರ ಮೇಡಮ್? ಆ ಬೋಲ್ಟು ಅಲ್ಲಾಡಲ್ಲ. ನೀವು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಕ್ಯೂರಿಂಗ್ ಮಾಡಿದೀನಿ."

"ಹೆಚ್ಚು ಅಂದ್ರೆ?"

"ಅಂಟು ಹಾಕೋ ಹಿಂದಿನ ದಿನವೇ, ನೀವು ಮನೆಗೆ ಹೋದ ಮೇಲೆ, ನಾಲ್ಕೂ ತೂತಿಗೆ ಬಾಯ್ತುಂಬ ನೀರು ಬಿಟ್ಟೆ. ಕಾಂಕ್ರೀಟು ಚೆನ್ನಾಗಿ ಕುಡೀಲಿ ಅಂತ. ಬೋಲ್ಟು ಇಳಿಸಿದ ಮೇಲೂ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಸಿದ್ದೆ. ಮಾರನೇ ಬೆಳಗ್ಗೆ ನೀವು ಬರೋದ್ರೊಳಗೆ ಒರೆಸಿ ಚೊಕ್ಕ ಮಾಡ್ದೆ. ಕೆಲಸ ಅಂದ್ರೆ ಕೆಲಸ."

ಅವಳ ಕಿವಿಯಲ್ಲಿ ತನ್ನದೇ ಮಾತು ಕೇಳಿಸಿತು. ಆ ಬೋಲ್ಟುಗಳನ್ನು ನೆಡುವುದು ಸಿಮೆಂಟಿನಲ್ಲಲ್ಲ, ಒಂದು ರಾಸಾಯನಿಕ ಅಂಟಿನಲ್ಲಿ. ತೂತು ಬೂದಿಯಷ್ಟು ಒಣಗಿರಬೇಕು. ಒಣ ಗೋಡೆಗೆ ಕಚ್ಚಿಕೊಂಡರಷ್ಟೇ ಅದು ಕಲ್ಲಾಗುವುದು. ಅಂಟಿನ ಜೊತೆ ಬಂದ ಹಾಳೆಯಲ್ಲಿ ಅದೆಲ್ಲ ಇತ್ತು. ಅವಳು ಹಾಳೆಯನ್ನು ಮೂರು ಸಲ ಓದಿ, ಮೇಸ್ತ್ರಿಗೆ ಮಾತ್ರ ಒಂದೇ ಒಂದು ವಾಕ್ಯ ಹೇಳಿದ್ದಳು: ಇಪ್ಪತ್ನಾಲ್ಕು ಗಂಟೆ ಕ್ಯೂರಿಂಗ್ ಆಗ್ಬೇಕು, ಅದರಲ್ಲಿ ರಾಜಿ ಇಲ್ಲ. ಅವಳ ಪ್ರಯೋಗಾಲಯದಲ್ಲಿ ಕ್ಯೂರಿಂಗ್ ಎಂದರೆ ಮುಟ್ಟದೆ ಬಿಡುವುದು. ಮೂವತ್ತು ವರ್ಷ ಗೋಡೆ ಕಟ್ಟಿದವನಿಗೆ ಕ್ಯೂರಿಂಗ್ ಎಂದರೆ ನೀರು. ಇಬ್ಬರೂ ಒಂದೇ ಪದಕ್ಕೆ ತಲೆದೂಗಿದ್ದರು.

ಹಾಗಾದರೆ ಬೆಳಗಿನ ಟಕ್? ಮೇಲಿನ ಒಂದಂಗುಲ ಗಟ್ಟಿಯಾಗಿದ್ದರೂ ಪಾನಾ ಟಕ್ ಅನ್ನುತ್ತದೆ. ಕೆಳಗೇನಿದೆ ಅನ್ನುವುದು ಅದಕ್ಕೆ ತಿಳಿಯದು.

"ಅಕ್ಕ, ಎಣ್ಣೆ ಬಿಸಿಯಾಯ್ತು," ಎಂದಿತು ಕಿವಿಯಲ್ಲಿ ತಮ್ಮನ ಉಲ್ಲಾಸದ ದನಿ. "ಏರಿಸ್ತೀನಿ ನೋಡು."

ನೂರ ಮೂವತ್ತು. ಕೈ ತಾನಾಗಿಯೇ ಕೆಂಪು ಗುಂಡಿಗೆ ಹೋಯಿತು. ನೂರ ಮೂವತ್ತೆಂಟು. ಬೆರಳು ಗುಂಡಿಯ ಮೇಲಿದ್ದಾಗ ಅವಳಿಗೆ ಹೊಳೆಯಿತು: ಈಗ ರೋಲರನ್ನು ಹಿಡಿದು ನಿಲ್ಲಿಸಿದರೆ ಚಕ್ರ ಅದನ್ನು ಒದ್ದುಕೊಂಡು ಮುಂದಕ್ಕೆ ನೆಗೆಯುತ್ತದೆ. ಆ ಜಗ್ಗಾಟವೆಲ್ಲ ಬೀಳುವುದು ಹಿಂದಿನ ಎರಡು ಬೋಲ್ಟಿನ ಮೇಲೆ. ತಮ್ಮ ಬೆಚ್ಚಿ ಬ್ರೇಕ್ ತುಳಿದರೂ ತಪ್ಪಿದ್ದಲ್ಲ, ತಿರುಗುತ್ತಿರುವ ರೋಲರ್ ಕಾರನ್ನು ಹಿಂದಕ್ಕೆ ಜಗ್ಗಿ ಮುಂದಿನ ಎರಡನ್ನು ಕೀಳುತ್ತದೆ. ಅವನನ್ನು ಉಳಿಸಲೆಂದು ಅವಳು ಹಾಕಿಸಿದ್ದ ಒಂದೇ ಒಂದು ಸಾಧನ ಈಗ ಅವನನ್ನು ಗೋಡೆಗೆ ಎಸೆಯುವಂಥದ್ದು.

ಬೆರಳನ್ನು ಕಷ್ಟಪಟ್ಟು ಕಿತ್ತುಕೊಂಡಳು. 'ಬಿಡು' ಎಂದು ಕೂಗೋಣವೆಂದರೆ ಆ ಗದ್ದಲದಲ್ಲಿ ಅವನು 'ಗಾಡಿ ಬಿಡು' ಎಂದುಕೊಂಡು ಇನ್ನಷ್ಟು ಒತ್ತಿದರೆ? ಅವನು ಹೆದರಬಾರದು. ಹೆದರಿದ ಕಾಲು ಹುಡುಕುವುದು ಬ್ರೇಕನ್ನೇ.

ಪ್ರಯೋಗಾಲಯದಲ್ಲಿ ಆಸಿಡ್ ಚೆಲ್ಲಿಕೊಂಡವರ ಜೊತೆ ಮಾತಾಡುತ್ತಿದ್ದ ದನಿಯನ್ನು ಎಲ್ಲಿಂದಲೋ ತಂದುಕೊಂಡಳು.

"ಪುಟ್ಟ, ಒಂದು ರೀಡಿಂಗ್ ಮರೆತೆ ಕಣೋ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಾ. ರೋಲರ್ ತಾನಾಗೇ ನಿಲ್ಲೋಕೆ ಎಷ್ಟು ಹೊತ್ತು ಬೇಕು ಅಂತ ನೋಡ್ಬೇಕು."

"ಈಗಾ? ಚೆನ್ನಾಗಿ ಏರ್ತಿರೋವಾಗ್ಲೇ ನಿಂಗೆ ನೆನಪಾಗೋದು!"

"ಈಗ್ಲೇ. ಬ್ರೇಕ್ ಮುಟ್ಬೇಡ, ಲೆಕ್ಕ ಕೆಡುತ್ತೆ."

ಎಂಜಿನ್ನಿನ ಅಬ್ಬರ ಕುಸಿಯಿತು. ರೋಲರಿನ ಗುಂಯ್ ಹಾಗೇ ಇತ್ತು. ನೂರ ಐವತ್ತೆರಡು. ಒಂದೂಕಾಲು ಟನ್ ಉಕ್ಕಿಗೆ ಯಾವ ಅವಸರವೂ ಇರಲಿಲ್ಲ.

ಮೇಸ್ತ್ರಿ ಅವಳ ಮುಖ ನೋಡುತ್ತಿದ್ದ. "ಏನಾಯ್ತು ಮೇಡಮ್?"

ಮೈಕನ್ನು ಅಂಗೈಯಲ್ಲಿ ಮುಚ್ಚಿ, "ನೀರಿದ್ರೆ ಆ ಅಂಟು ಹಿಡಿಯಲ್ಲ ಮೇಸ್ತ್ರಿ," ಎಂದಳು.

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಕೂಡಲೇ ಬಾಗಿಲಿನತ್ತ ನುಗ್ಗಿದ. "ಇಳಿದುಬಿಡು ಅಂತ ಹೇಳ್ತೀನಿ, ಪಾಪ—"

ಅವಳು ಅವನ ಮಣಿಕಟ್ಟನ್ನು ಹಿಡಿದಳು. ಅಷ್ಟು ಬಲ ತನ್ನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ನೀವು ಕೈ ಬೀಸ್ಕೊಂಡು ಓಡಿದ್ರೆ ಅವನು ಬ್ರೇಕ್ ತುಳೀತಾನೆ. ಕೂತ್ಕೊಳ್ಳಿ."

ನೂರ ಇಪ್ಪತ್ತು. ನೂರ ಹನ್ನೆರಡು. ಎಡಗಡೆಯ ಹಿಂದಿನ ಪಟ್ಟಿ ಮಿಡಿಯತೊಡಗಿತು. ಅದರ ಬುಡದ ಉಕ್ಕಿನ ಬಿಲ್ಲೆಗೂ ನೆಲಕ್ಕೂ ನಡುವೆ ದಾರದಷ್ಟು ತೆಳ್ಳನೆಯ ಕಪ್ಪು ಗೆರೆ. ಬೆಳಗ್ಗೆ ಅದಿರಲಿಲ್ಲ.

"ಅಕ್ಕ, ಒಂದು ಚೂರು ಬ್ರೇಕ್ ಒತ್ಲಾ? ಬೇಸರ ಬರ್ತಿದೆ."

"ಬೇಡ. ಎರಡೂ ಕಾಲು ಹಿಂದಕ್ಕೆ ಎಳ್ಕೊಂಡು ಕೂತ್ಕೋ. ಪೆಡಲ್ ಮೇಲೆ ಕಾಲಿನ ಭಾರ ಬಿದ್ರೂ ಸೆನ್ಸರ್‌ನಲ್ಲಿ ಬರುತ್ತೆ."

"ಅದ್ಯಾವ ಸೆನ್ಸರ್?"

"ಹೊಸದು. ಹತ್ತತ್ತು ಇಳಿದಾಗ್ಲೂ ನಂಗೆ ಹೇಳ್ತಾ ಹೋಗು."

"ಮನೇಲೂ ಮೇಡಮ್ಮು, ಇಲ್ಲೂ ಮೇಡಮ್ಮು," ಎಂದು ಗೊಣಗಿದ. ಮೊಣಕಾಲುಗಳು ಸ್ಟಿಯರಿಂಗಿನ ಎತ್ತರಕ್ಕೆ ಬಂದದ್ದು ಗಾಜಿನಲ್ಲಿ ಕಂಡಿತು. "ತೊಂಬತ್ತು."

ಕಪ್ಪು ಗೆರೆ ದಪ್ಪವಾದಂತೆ ಕಂಡಿತು. ಕಣ್ಣು ಮಿಟುಕಿಸಿ ನೋಡಿದಳು. ನಿಜವೋ ತನ್ನ ಕಣ್ಣಿನ ಚಾಳಿಯೋ ತಿಳಿಯಲಿಲ್ಲ. "ಎಂಬತ್ತು," ಎಂದ ತಮ್ಮ. ಆಮೇಲೆ ಏನೋ ಹಾಡು ಗುನುಗಿದ. ಬಾಲ್ಯದಿಂದಲೂ ಅವನ ಶ್ರುತಿ ಹೀಗೆಯೇ, ಎಲ್ಲಿಂದೆಲ್ಲಿಗೋ. "ಎಪ್ಪತ್ತು. ಅಕ್ಕ, ಇದ್ದೀಯಾ?"

"ಇದ್ದೀನಿ."

ಮೇಸ್ತ್ರಿಯ ತುಟಿ ಅಲ್ಲಾಡುತ್ತಿತ್ತು, ದನಿಯಿಲ್ಲ. ಅವನ ಮಣಿಕಟ್ಟು ಇನ್ನೂ ಅವಳ ಮುಷ್ಟಿಯಲ್ಲಿತ್ತು. ಐವತ್ತು. ನಲವತ್ತು. ಈ ವೇಗದಲ್ಲಿ ಕಿತ್ತರೆ ಗೋಡೆಗೆ ಬಡಿದರೂ ಬದುಕಬಹುದು ಎಂದು ಲೆಕ್ಕ ಹಾಕಿದಳು. ಮೂವತ್ತು. ಕೈಕಾಲು ಉಳಿಯಬಹುದು. ಇಪ್ಪತ್ತು. ಇಂಥ ಲೆಕ್ಕ ಮಾಡುತ್ತಿರುವ ತನ್ನ ತಲೆಯ ಬಗ್ಗೆಯೇ ಅವಳಿಗೆ ದಿಗಿಲಾಯಿತು.

ರೋಲರ್ ಒಮ್ಮೆ ನಿಟ್ಟುಸಿರಿಟ್ಟು ನಿಂತಿತು. ಗಡಿಯಾರದಲ್ಲಿ ಎರಡು ನಿಮಿಷವೂ ಆಗಿರಲಿಲ್ಲ.

"ಎಂಜಿನ್ ಆರಿಸಿ ಇಳಿ," ಎಂದಳು. ಅವನು ಬಾಗಿಲು ತೆರೆದು ಎರಡೂ ಪಾದ ನೆಲಕ್ಕಿಟ್ಟ ಮೇಲೆಯೇ ಮೇಸ್ತ್ರಿಯ ಕೈ ಬಿಟ್ಟಳು. ಅಲ್ಲಿ ಐದು ಬೆರಳಿನ ಗುರುತು ಬಿದ್ದಿತ್ತು.

ಪಾನಾ ಹಿಡಿದು ಒಳಗೆ ಹೋದಳು. ಪಟ್ಟಿಗಳನ್ನು ಸಡಿಲಿಸಿದಳು. ಮುಂದಿನ ಬಲಗಡೆಯದು: ಟಕ್. ಮುಂದಿನ ಎಡಗಡೆಯದು: ಟಕ್. ಹಿಂದಿನ ಬಲಗಡೆಯದು ಚೂರು ತಿರುಗಿ, ಟಕ್.

"ಮತ್ತೆ ಶುರುವಾಯ್ತಾ ನಿನ್ನ ಜಪ?" ತಮ್ಮ ನಕ್ಕ. "ಮೇಸ್ತ್ರಿ, ನಮ್ಮಕ್ಕನಿಗೆ ಹೇಳಿ—" ಮೇಸ್ತ್ರಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ನಾಲ್ಕನೆಯದು ತಿರುಗಿತು. ಇನ್ನೂ ತಿರುಗಿತು. ಪಾನಾ ಸುಮ್ಮನಿತ್ತು. ಅವಳು ಅದನ್ನು ಪಕ್ಕಕ್ಕಿಟ್ಟು ಎರಡು ಬೆರಳಿನಿಂದ ಬೋಲ್ಟನ್ನು ಹಿಡಿದೆತ್ತಿದಳು. ಗೇಣುದ್ದದ ಉಕ್ಕು ಹಿಟ್ಟಿನಿಂದ ಚಮಚ ಬಂದಷ್ಟು ಸಲೀಸಾಗಿ ಮೇಲೆ ಬಂತು. ತುದಿಯಲ್ಲಿ ಬೂದು ಬಣ್ಣದ ಅಂಟು ಇನ್ನೂ ಮೆತ್ತಗಿತ್ತು. ಒಂದು ಹನಿ ನೀರು ಅದರಿಂದ ಜಾರಿ ನೆಲಕ್ಕೆ ಬಿತ್ತು.

ಹೊಗೆಯ ಕೊಳವೆಯ ಫ್ಯಾನು ತನ್ನ ಪಾಡಿಗೆ ಮೊರೆಯುತ್ತಿತ್ತು.

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಕ್ಯೂರಿಂಗ್ ಅಂದ್ರಲ್ಲ ಮೇಡಮ್... ನೀವೇ ಅಂದ್ರಲ್ಲ..."

"ಅಂದೆ. ಒಣಗಿರಬೇಕು ಅಂತ ಇನ್ನೊಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದು." ಅವಳು ಬೋಲ್ಟನ್ನು ಕೆಳಗಿಡಲು ನೋಡಿದಳು. ಬೆರಳು ಬಿಚ್ಚಿಕೊಳ್ಳಲಿಲ್ಲ.

ತಮ್ಮ ಕಾರಿನ ಮೂತಿಯಿಂದ ಎದುರಿನ ಗೋಡೆಯವರೆಗೆ ನಡೆದು ನೋಡಿದ. ಮೂರೂವರೆ ಹೆಜ್ಜೆ. ತಿರುಗಿ ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೋಲ್ಟನ್ನು ತೆಗೆದುಕೊಂಡ.

"ಹಾಗಾದ್ರೆ ಆ ಸೆನ್ಸರ್?"

"ಯಾವ ಸೆನ್ಸರೂ ಇಲ್ಲ."

"ನಿಂಗೆ ಆಗ್ಲೇ ಗೊತ್ತಿತ್ತು. ನಾನು ಹಾಡು ಹೇಳ್ತಿದ್ದಾಗ."

"ಗೊತ್ತಿತ್ತು."

ಅವನು ಬೋಲ್ಟಿನ ಒದ್ದೆ ತುದಿಯನ್ನೇ ನೋಡುತ್ತಿದ್ದ. "ನಿನ್ನ ದನಿ ಒಂಚೂರೂ ಬದಲಾಗಿರಲಿಲ್ಲ ಅಕ್ಕ. ಮನೇಲಿ ಸಕ್ಕರೆ ಡಬ್ಬಿ ಎಲ್ಲಿಟ್ಟೆ ಅಂತ ಕೇಳ್ತೀಯಲ್ಲ, ಹಾಗೇ ಇತ್ತು. ಇನ್ಮೇಲೆ ನೀನು ಸಮಾಧಾನವಾಗಿ ಮಾತಾಡಿದಾಗೆಲ್ಲ ನಾನು ಏನಂದ್ಕೋಬೇಕು?"

ಅವನು ಎದ್ದು ಹೋಗಿ ಕಾರಿನ ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತ. ಅವಳು ಅಲ್ಲೇ ನೆಲದ ಮೇಲೆ ಕೂತು ಪಟ್ಟಿಗಳನ್ನು ಒಂದೊಂದಾಗಿ ಸುತ್ತಿಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಆ ಮೊರೆತ ತಡೆಯಲಾರದೆ, ತನ್ನ ಎಂದಿನ ದನಿಯಲ್ಲಿ, "ಪುಟ್ಟ, ಆ ಫ್ಯಾನ್ ಆರಿಸು," ಎಂದಳು.

ಅವನು ಸುಟ್ಟುಕೊಂಡವನಂತೆ ಕಾರಿನಿಂದ ಎರಡು ಹೆಜ್ಜೆ ದೂರ ನೆಗೆದ.