ಉಲ್ಲನ್ ದಾರದ ಅಳತೆ

ಅಕ್ಕನ ಊರಿಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲನ್ನು ನಿಲ್ಲಿಸಿ, ಅದೇ ಹಳಿಯ ಮೇಲೆ ದುಬಾರಿ ಟಿಕೆಟ್ಟಿನ ವೇಗದ ರೈಲು ಬಿಟ್ಟ ಮೇಲೆ ತಂಗಿ ಅತ್ತ ತಲೆ ಹಾಕಿರಲಿಲ್ಲ. ಬಸ್ಸಿಗೆ ಹೋಗೋಣವೆಂದರೆ ಎರಡು ಕಡೆ ಇಳಿದು ಹತ್ತಬೇಕು, ಖರ್ಚೂ ಅಷ್ಟೇ. ಟೇಲರ್ ಅಂಗಡಿಯಲ್ಲಿ ಕಾಜಾ ಮಾಡಿ, ಗುಂಡಿ ಹಚ್ಚಿ ಬದುಕುವವಳಿಗೆ ರೈಲೆಂದರೆ ಈಗ ಕಿಟಕಿಯಿಂದ ನೋಡುವ ವಸ್ತು. ಹಳಿ ಅಂಗಡಿಯ ಹಿಂದೆಯೇ ಇತ್ತು. ರೈಲು ಹೋದಾಗಲೆಲ್ಲ ಮೇಜಿನ ಮೇಲಿನ ಕತ್ತರಿ ನಡುಗುತ್ತಿತ್ತು.

ಅಕ್ಕನ ಮಗಳು ಗುಬ್ಬಿಗೆ ಹುಟ್ಟಿದಾಗಿನಿಂದ ಬಟ್ಟೆ ಹೊಲಿದವಳು ತಂಗಿಯೇ. ಬೇರೆಯವರು ಹೊಲಿದದ್ದನ್ನು ಆ ಮಗು ಮೈಗೆ ತಾಗಿಸಿಕೊಳ್ಳುತ್ತಿರಲಿಲ್ಲ. ಈಗ ಗುಬ್ಬಿ ಶಾಲೆಯಲ್ಲಿ ಎಲ್ಲರ ಮುಂದೆ ಹಾಡಬೇಕಿತ್ತು. ಹೊಸ ಫ್ರಾಕು ಬೇಕಿತ್ತು. ಅಕ್ಕ ಹಾಲಿನ ವ್ಯಾನಿನ ಡ್ರೈವರ್ ಕೈಯಲ್ಲಿ ಅಳತೆಯ ದಾರ ಕಳಿಸಿದಳು. ಅಮ್ಮನ ಕಾಲದಿಂದ ಅವರ ಮನೆಯ ಪದ್ಧತಿ ಅದು: ದಾರವನ್ನು ಭುಜದಿಂದ ಇಳಿಬಿಟ್ಟು ಸೊಂಟಕ್ಕೊಂದು ಗಂಟು, ಮೊಣಕಾಲಿಗೊಂದು ಗಂಟು.

ತಂಗಿ ದಾರವನ್ನು ಮೇಜಿನ ಮೇಲೆ ಬಿಗಿಯಾಗಿ ಎಳೆದು ಹಿಡಿದಳು. ಇಷ್ಟು ಬೆಳೆದುಬಿಟ್ಟಳೇ? ಹೆಮ್ಮೆಯೂ ಆಯಿತು, ಬೇಸರವೂ ಆಯಿತು. ಮಗು ತನ್ನ ಕಣ್ಣು ತಪ್ಪಿಸಿ ಬೆಳೆದಿತ್ತು.

ಫ್ರಾಕು ತಲುಪಿದ ದಿನ ಅಕ್ಕ ಫೋನು ಮಾಡಿದಳು. ನಗು ತಡೆಯಲು ಆಗುತ್ತಿರಲಿಲ್ಲ.

“ಗುಬ್ಬಿ ಒಳಗೆಲ್ಲೋ ಇದಾಳೆ ಕಣೇ, ಹುಡುಕ್ತಾ ಇದೀನಿ. ಫ್ರಾಕು ನೆಲ ಗುಡಿಸ್ತಾ ಇದೆ.”

“ಯಾವ ದಾರದಲ್ಲಿ ಅಳೆದೆ?”

“ಹಳೇ ಸ್ವೆಟರ್ ಬಿಚ್ಚಿದ್ನಲ್ಲ, ಆ ಉಲ್ಲನ್ನು. ಯಾಕೆ?”

ತಂಗಿ ಹಣೆ ಚಚ್ಚಿಕೊಂಡಳು. ಉಲ್ಲನ್ ಎಳೆದಷ್ಟೂ ಬರುತ್ತದೆಂಬುದು ಅಕ್ಕನಿಗೆ ಹೊಳೆಯದಿರಬಹುದು; ದಿನವಿಡೀ ದಾರ ಹಿಡಿಯುವ ತನ್ನ ಬೆರಳಿಗೆ ತಿಳಿಯಬಾರದಿತ್ತೇ? ಆದರೂ ಒಳಗೊಳಗೇ ಹಗುರಾಯಿತು. ಗುಬ್ಬಿ ಅಷ್ಟೇನೂ ಬೆಳೆದಿರಲಿಲ್ಲ.

ಅಷ್ಟರಲ್ಲಿ ಅತ್ತ ಕಡೆ ಅಳು ಶುರುವಾಯಿತು. ಚಿಕ್ಕಿ ಬಂದು ಸರಿ ಮಾಡದಿದ್ದರೆ ತಾನು ಹಾಡುವುದೇ ಇಲ್ಲವಂತೆ.

ವಿಷಯ ಕೇಳಿದ ಟೇಲರ್ ಅಣ್ಣ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಆ ಊರಿನ ಟೇಲರುಗಳೆಲ್ಲ ಗುಳೆ ಎದ್ದು ಹೋದರೋ ಎಂದು ವಿಚಾರಿಸಿದ. ರೈಲೀಗ ಸೂಟುಬೂಟಿನವರದ್ದು, ನಮ್ಮಂಥವರಿಗೆ ಅದರ ಸದ್ದೊಂದು ಪುಕ್ಕಟೆ ಎಂದೂ ಅಂದ. ಆಮೇಲೆ ತಲೆಯೆತ್ತದೆ ರಜೆ ಕೊಟ್ಟ. ಸ್ವಂತ ಕತ್ತರಿಗೆಂದು ಕೂಡಿಟ್ಟದ್ದನ್ನು ತಂಗಿ ಟಿಕೆಟ್ಟಿಗೆ ಸುರಿದಳು.

ಮಾರನೆಯ ದಿನ ಅಕ್ಕನ ಮನೆಯಲ್ಲಿ ಗುಬ್ಬಿ ಸ್ಟೂಲಿನ ಮೇಲೆ ನಿಂತಳು. ತಂಗಿ ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡು ಮಂಡಿಯೂರಿದಳು. ಹೆಚ್ಚಾದ ಬಟ್ಟೆಯನ್ನು ಅವಳು ಕತ್ತರಿಸಲಿಲ್ಲ. ಪದರ ಪದರವಾಗಿ ಒಳಕ್ಕೆ ಮಡಚಿ ಸಡಿಲವಾಗಿ ಹೊಲಿದಳು. ತಾನು ಮತ್ತೆ ಯಾವಾಗ ಬರುವುದೋ. ಮಗು ಬೆಳೆದ ಹಾಗೆ ಅಕ್ಕನೇ ಒಂದೊಂದು ಮಡಿಕೆ ಬಿಚ್ಚಿಕೊಂಡರಾಯಿತು. ಬಿಚ್ಚುವುದು ಹೇಗೆಂದು ತೋರಿಸಲು ಕರೆದಳು.

ಪಾತ್ರೆ ತೊಳೆಯುತ್ತಿದ್ದ ಅಕ್ಕ ತಿರುಗಲಿಲ್ಲ.

“ಅದೆಲ್ಲ ನನಗೆ ಬರಲ್ಲ. ಗಿಡ್ಡ ಆದಾಗ ನೀನೇ ಬಂದು ಬಿಚ್ಚು.”

“ರೈಲೇನು ಭಾವಂದಾ?”

“ಅವರದ್ದಾಗಿದ್ರೆ ಇಷ್ಟೊತ್ತಿಗೆ ಎಲ್ಲೋ ಕೆಟ್ಟು ನಿಂತಿರ್ತಿತ್ತು. ನೀನು ಬಾ. ಟಿಕೆಟ್ಟು ಒಂದ್ಸಲ ನಿಂದು, ಒಂದ್ಸಲ ನಂದು.”

ತಂಗಿ ಆಗಲೇ ಹಾಕಿದ್ದ ಸಡಿಲ ಹೊಲಿಗೆಯನ್ನು ಎಳೆದು ತೆಗೆದಳು. ಸೂಜಿಗೆ ಬೇರೆ ದಾರ ಪೋಣಿಸಿ, ಅಕ್ಕನ ಕೈಗೆ ಸುಲಭಕ್ಕೆ ಬಿಚ್ಚಲು ಬಾರದ ಹಾಗೆ, ಹತ್ತಿರ ಹತ್ತಿರ ಹೊಲಿಯತೊಡಗಿದಳು.