ಕಿಟಕಿಯ ಬಳಿಯ ಕುರ್ಚಿ

ಹೆಸ್ಟರ್ ಚಾರ್ಲ್‌ಟನ್ನಳ ಪಿಯಾನೊ ಅದುವರೆಗೆ ಏಳು ಬಾಡಿಗೆ ಮನೆಗಳ ಮೆಟ್ಟಿಲು ಹತ್ತಿ ಇಳಿದಿತ್ತು. ಎಂಟನೆಯ ಬಾರಿ ಅದು ಕದಲುವುದಾದರೆ ತನ್ನದೇ ಹೊಸ್ತಿಲನ್ನು ದಾಟಬೇಕೆಂದು ಆಕೆ ಸಂಕಲ್ಪಿಸಿದ್ದಳು. ಹೆಕ್ಸಮ್ ಪಟ್ಟಣದ ಮಕ್ಕಳಿಗೆ ಮೂವತ್ತು ವರ್ಷ ಸ್ವರಾಭ್ಯಾಸ ಮಾಡಿಸಿದ ಆಕೆಗೆ ಈಗ ಐವತ್ತಾರು. ತೊಂಬತ್ತನಾಲ್ಕನೆಯ ಇಸವಿಯ ನವೆಂಬರ್ ಮುಗಿಯುವುದರೊಳಗೆ ಇದ್ದ ಮನೆಯನ್ನು ತೆರವು ಮಾಡಬೇಕಿತ್ತು. ನದಿಯ ಕಡೆಯ ಇಳಿಜಾರಿನಲ್ಲಿದ್ದ ಕಲ್ಲುಮನೆಯೊಂದು ಆಕೆಯ ಮನಸ್ಸಿಗೆ ಹಿಡಿಸಿತ್ತು.

ಮನೆ ತೋರಿಸಿದ ದಲ್ಲಾಳಿ ಗ್ಯಾವಿನ್ ಕಾರಿನ ಬಾಗಿಲಿಗೆ ಒರಗಿಕೊಂಡು ಹೇಳಿದ್ದ: "ವಕೀಲರ ಚಿಂತೆ ಬಿಡಿ ಮೇಡಂ. ನ್ಯೂಕ್ಯಾಸಲ್‌ನಲ್ಲಿ ನಮ್ಮೋರೇ ಒಬ್ರಿದಾರೆ. ನೀವು ಅವರ ಮುಖ ನೋಡೋದೂ ಬೇಡ, ಕಾಗದ ಬಂದಾಗ ಸಹಿ ಹಾಕಿದ್ರೆ ಸಾಕು."

"ಮುಖ ನೋಡದೆ ನಾನು ಮೀನೂ ಕೊಳ್ಳಲ್ಲ ಕಣಪ್ಪ."

ಆದರೂ ಒಮ್ಮೆ ಆ ವಕೀಲರ ಕಚೇರಿಗೆ ಫೋನ್ ಮಾಡಿದಳು. ಅಲ್ಲಿನ ಧ್ವನಿ ಆಕೆಯ ಹೆಸರನ್ನು ಕೇಳಲಿಲ್ಲ, ಕಡತದ ಸಂಖ್ಯೆಯನ್ನು ಕೇಳಿತು. ಮರುದಿನ ಆಕೆ ಹಳೆಯ ಕ್ರೈಸ್ತ ಮಠದ ಹಿಂದಿನ ಓಣಿಯಲ್ಲಿದ್ದ ಮಾಳಿಗೆಯ ಕಚೇರಿಯೊಂದನ್ನು ಹತ್ತಿದಳು. ಕತ್‌ಬರ್ಟ್ ಹೆರನ್ ಎಂಬ ವಯೋವೃದ್ಧ ವಕೀಲರು ಅಲ್ಲಿ ಮನೆಗಳ ಹಕ್ಕು ಕೈಬದಲಾಯಿಸುವ ವ್ಯವಹಾರವೊಂದನ್ನೇ ನಿಯಮದಿಂದ ನಡೆಸಿಕೊಂಡು ಬಂದಿದ್ದರು.

ಅವರು ಆಕೆಯನ್ನು ಕೂರಿಸಿ, ಲೇಖನಿಯ ಮುಚ್ಚಳ ತೆಗೆದು ಕೇಳಿದರು: "ಮನೆ ನೋಡಿದೀರಾ?"

"ಎರಡು ಸಲ."

"ಒಳಗೆ ಯಾರಿದ್ರು?"

ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ಈ ಮನುಷ್ಯನೇ ತನ್ನ ವಕೀಲ ಎಂದು ಹೆಸ್ಟರ್ ಆ ಕ್ಷಣವೇ ನಿಶ್ಚಯಿಸಿದಳು.

"ಹಿಂದಿನ ಕೋಣೇಲಿ, ಕಿಟಕಿ ಹತ್ರ, ಒಬ್ಬ ಅಜ್ಜಿ ಕೂತಿದ್ರು. ಎರಡು ಸಲಾನೂ. ಮಾರೋರ ತಾಯಿ ಇರಬೇಕು."

"ಇರಬೇಕು ಅನ್ನೋದು ಆಗಲ್ಲ ಮಿಸ್ ಚಾರ್ಲ್‌ಟನ್. ಕಾಗದ ಏನೇ ಹೇಳಲಿ, ಮನೇಲಿ ವಾಸ ಇರೋರ ಹಕ್ಕು ಕೊಂಡೋರ ಕೊರಳಿಗೇ ಬೀಳುತ್ತೆ. ಮಾತಾಡಿಸಿದ್ರಾ?"

"ಮರ್ಯಾದೆಗೆ ಒಂದು ಮಾತು. ಪಾಪ, ನನ್ನ ನೋಡಿ ಕುರ್ಚಿ ಕೈ ಹಿಡ್ಕೊಂಡು ಏಳೋಕೆ ಹೋದ್ರು. 'ನನಗೋಸ್ಕರ ಏಳ್ಬೇಡಿ' ಅಂದೆ. ಇನ್ನೇನನ್ನೋದು?"

"ಇನ್ನೇನನ್ನೋದು" ಎಂದು ಹೆರನ್ ಒಪ್ಪಿಕೊಂಡರು. ಬಂದವರನ್ನು ಕಂಡು ಏಳುವುದು ಆದರ, ಏಳಹೊರಟವರನ್ನು ತಡೆದು ಕೂರಿಸುವುದು ಅದಕ್ಕೂ ಮಿಗಿಲಾದ ಆದರ. ಆ ನಾಡಿನ ಜನ ಇದನ್ನು ತೊಟ್ಟಿಲಲ್ಲಿಯೇ ಕಲಿಯುತ್ತಾರೆ. ಹೆಸ್ಟರ್ ಅಜ್ಜಿಗೆ ಆಡಿದ ಆ ಮಾತನ್ನೂ ಹೆರನ್ ಬರೆದುಕೊಂಡರು.

ಹೆರನ್ ಮಾರುವವರಿಗೆ ಕಳುಹಿಸಿದ ಪ್ರಶ್ನಾವಳಿಗೆ ವಾರದೊಳಗೆ ಉತ್ತರ ಬಂದಿತು. ಮೂರು ವರ್ಷಗಳಿಂದ ಆ ಮನೆಯಲ್ಲಿ ಯಾರೂ ವಾಸವಿಲ್ಲ. ಮಾರುವವರಿಗೆ ತಾಯಿಯೂ ಇಲ್ಲ. ಹೆಸ್ಟರ್ ದಲ್ಲಾಳಿಯ ಅಂಗಡಿಗೇ ಹೋಗಿ ನಿಂತಳು.

"ಅಜ್ಜಿನಾ?" ಎಂದ ಗ್ಯಾವಿನ್. "ಎರಡು ಸಲಾನೂ ಬೀಗ ತೆಗೆದಿದ್ದು ನಾನೇ ಮೇಡಂ. ಅಲ್ಲಿದ್ದಿದ್ದು ಒಂದು ಕುರ್ಚಿ. ನೀವು ಅದಕ್ಕೇನೋ ಹೇಳಿದ್ರಿ. ಸಂಗೀತದೋರಲ್ವಾ, ಇರಲಿ ಅಂತ ಸುಮ್ನಾದೆ."

ಹೆರನ್ ಹಳೆಯ ಹಕ್ಕುಪತ್ರಗಳ ಕಟ್ಟು ಬಿಚ್ಚಿದರು. ಕೆಂಪು ಲಾಡಿಯ ಗಂಟು ಸಡಿಲಿದೊಡನೆ ಕೋಣೆಯಲ್ಲಿ ನೆಲಮಾಳಿಗೆಯ ವಾಸನೆ ಹರಡಿತು. ಮೂವತ್ತೊಂದನೆಯ ಇಸವಿಯಲ್ಲಿ ಫೆನಿಕ್ ಎಂಬ ಗೃಹಸ್ಥನೊಬ್ಬ ಬರೆದ ಮರಣಶಾಸನ ಅದರಲ್ಲಿತ್ತು. ಮನೆ ಯಾರ ಪಾಲಾದರೂ ತನ್ನ ಮಗಳು ಇಸಬೆಲ್ ಹಿಂದಿನ ಕೋಣೆಯಲ್ಲಿ ಇರತಕ್ಕದ್ದು ಎಂದು ಆತ ವಿಧಿಸಿದ್ದ.

"ಇಸಬೆಲ್ ತೀರಿಕೊಂಡು ಮೂವತ್ತಾರು ವರ್ಷ. ಸಮಾಧಿ ಕಲ್ಲನ್ನ ನಾನೇ ಹೋಗಿ ನೋಡ್ಕೊಂಡು ಬಂದೆ" ಎಂದರು ಹೆರನ್.

"ಹಾಗಾದ್ರೆ ಆಕೆ ಹಕ್ಕೂ ಮುಗೀತಲ್ಲ?"

"'ಬದುಕಿರುವ ತನಕ' ಅಂತ ಬರೆದಿದ್ರೆ ಮುಗೀತಿತ್ತು. ಅಪ್ಪ ಬರೆದಿರೋದು 'ಅವಳಿಗೆ ಬೇಕೆನಿಸುವ ತನಕ' ಅಂತ."

"ನೀವು ಇದನ್ನ ನಂಬ್ತೀರಾ ಮಿಸ್ಟರ್ ಹೆರನ್?"

"ಸತ್ತೋರ ವಿಚಾರ ಪಾದ್ರಿಗಳದು. ಮನೇಲಿ ಯಾರಿದಾರೆ ಅನ್ನೋದು ನನ್ನದು."

ವಾಸವಿರುವ ಯಾರಿಗಾದರೂ ಕಳುಹಿಸುವ ಸಮ್ಮತಿಪತ್ರವನ್ನೇ ಅವರು ಆ ಮನೆಯ ವಿಳಾಸಕ್ಕೆ, ಇಸಬೆಲ್ ಫೆನಿಕ್ ಹೆಸರಿಗೆ, ಮರುಟಪಾಲಿನ ಲಕೋಟೆಯೊಡನೆ ಕಳುಹಿಸಿದರು. ನಾಲ್ಕನೆಯ ದಿನ ಅದು ಹಿಂದಿರುಗಿತು. ಹಸ್ತಾಂತರದ ದಿನ ಮಧ್ಯಾಹ್ನದೊಳಗೆ ತಾವು ಸ್ಥಳ ತೆರವು ಮಾಡುವಿರಾ ಎಂಬ ಪ್ರಶ್ನೆಯ ಕೆಳಗೆ ಕಂದು ಮಸಿಯ ಓರೆ ಅಕ್ಷರಗಳಿದ್ದವು:

'ಬಂದವರೆಲ್ಲರೂ ಏಳಬೇಡಿ ಎಂದೇ ಹೇಳಿದರು. ಏಳಿ ಎಂದು ಇದುವರೆಗೆ ಯಾರೂ ಕೇಳಿಕೊಂಡಿಲ್ಲ.'

ಹೆರನ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನಲವತ್ತು ವರ್ಷದಲ್ಲಿ ಇಷ್ಟು ನೇರವಾದ ಉತ್ತರ ನನಗೆ ಯಾರೂ ಕೊಟ್ಟಿಲ್ಲ. ನೋಡಿಯಮ್ಮ, ಕರಾರು ಇನ್ನೂ ಆಗಿಲ್ಲ. ಈಗಲೇ ಕೈಬಿಟ್ರೆ ನಿಮಗೆ ಯಾವ ಬಂಧನವೂ ಇಲ್ಲ."

"ಬಿಡದೇ ಇದ್ರೆ?"

"ನೀವಾಡಿದ ಮಾತು ವಾಪಸ್ ತಗೋಬೇಕು. ಏಳಿ ಅಂತ ಕೇಳಬೇಕು."

ಇದ್ದ ಮನೆ ಬಿಡಲು ಹೆಸ್ಟರಳಿಗೆ ಉಳಿದಿದ್ದುದು ಹನ್ನೊಂದು ದಿನ. ತಾನು ಎಂಟನೆಯ ಬಾಡಿಗೆ ಮನೆಯ ಮೆಟ್ಟಿಲ ಬುಡದಲ್ಲಿ ಪಿಯಾನೊ ಹೊರುವವರಿಗಾಗಿ ಕಾಯುತ್ತಿರುವುದು ಆಕೆಯ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಗಿನ ಹತ್ತಕ್ಕೆ ಇಬ್ಬರೂ ಆ ಮನೆಗೆ ಹೋದರು. ಗ್ಯಾವಿನ್ ಬೀಗ ತೆಗೆದು ಕಾರಿಗೆ ಮರಳಿದ. ಹೆರನ್ ಮುಂಬಾಗಿಲ ಅಗುಳಿಯನ್ನು ಒಳಗಿನಿಂದ ಹಾಕಿದರು. ಹಿಂದಿನ ಕೋಣೆಯ ಮಂಕು ಬೆಳಕಿನಲ್ಲಿ ಮುದುಕಿ ಹಾಗೆಯೇ ಕುಳಿತಿದ್ದಳು. ಬೂದುಬಣ್ಣದ ಉಣ್ಣೆ, ಕೃಶವಾದ ಬೆನ್ನು. ಹೆಸ್ಟರಳನ್ನು ಕಂಡು ಕುರ್ಚಿಯ ತೋಳುಗಳನ್ನು ಹಿಡಿದು ಏಳಲೆಳಸಿದಳು. ಹೆಸ್ಟರಳ ತಾಯಿ, ತಾಯಿಯ ತಾಯಿ ಕಲಿಸಿದ ಸೌಜನ್ಯವೆಲ್ಲ ಒಟ್ಟಾಗಿ ಗಂಟಲಿಗೆ ಬಂದಿತು. ಅದನ್ನು ನುಂಗಿಕೊಂಡು ಹೇಳಿದಳು:

"ಮಿಸ್ ಫೆನಿಕ್, ದಯವಿಟ್ಟು ಏಳಿ."

ಮುದುಕಿಯ ಮುಖದಲ್ಲಿ ಮೊದಲು ಅಚ್ಚರಿ ಸುಳಿಯಿತು. ಆಮೇಲೆ ಮೂಡಿದ್ದು ಕೃತಜ್ಞತೆ, ಸೆರೆಬಿಟ್ಟವರ ಕೃತಜ್ಞತೆ. ಆಕೆ ಎದ್ದಳು. ಹೆರನ್ನರಿಗೆ ಕಂಡದ್ದು ಇಷ್ಟೇ: ಕುರ್ಚಿಯ ದಿಂಬಿನ ನಡುವೆ ಇದ್ದ ತಗ್ಗು ಮೆಲ್ಲಮೆಲ್ಲನೆ ಉಬ್ಬಿ ಸಮವಾಯಿತು.

"ಎದ್ರಾ?"

"ಎದ್ರು. ಕೋಣೆ ಬಿಟ್ಟು ಹೋದ್ರು."

ಹೆರನ್ ಕೈಗಡಿಯಾರ ನೋಡಿ, ಕೋಣೆ ತೆರವಾಯಿತು ಎಂದು ಬರೆದುಕೊಂಡರು. ಹೊರಡುವಾಗ ಮುಂಬಾಗಿಲ ಅಗುಳಿಯನ್ನು ತೆಗೆದವರೂ ಅವರೇ. ಅದುವರೆಗೂ ಅದು ಒಳಗಿನಿಂದ ಹಾಕಿದಂತೆಯೇ ಇದ್ದುದನ್ನು ಅವರು ಬರೆದುಕೊಳ್ಳಲಿಲ್ಲ.

ಅಂದು ಮಧ್ಯಾಹ್ನ ಎರಡು ಕಡೆಯ ವಕೀಲರೂ ಫೋನಿನಲ್ಲಿ ವಿಧ್ಯುಕ್ತವಾದ ಮಾತುಗಳನ್ನಾಡಿ ಕರಾರನ್ನು ಕಾಯಂ ಮಾಡಿಕೊಂಡರು. "ಇನ್ನು ಹಿಂದಕ್ಕೆ ಹೋಗೋ ಹಾಗಿಲ್ಲ" ಎಂದು ಹೆರನ್ ಫೋನು ಕೆಳಗಿಟ್ಟರು.

ಹಸ್ತಾಂತರದ ದಿನ ಬೀಗದಕೈ ಸರಿಯಾಗಿ ಹನ್ನೆರಡಕ್ಕೆ ಹೆಸ್ಟರಳ ಕೈಸೇರಿತು. ಮಾರುವವರು ಬಿಟ್ಟುಹೋಗುವ ವಸ್ತುಗಳ ಪಟ್ಟಿಯಲ್ಲಿದ್ದಂತೆ ಮನೆಯಲ್ಲಿ ಪರದೆಯ ಸಲಾಕೆಗಳು, ಇದ್ದಿಲಿನ ಬುಟ್ಟಿ, ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿ. ಬೇರೇನೂ ಇರಲಿಲ್ಲ. ಪಿಯಾನೊ ತರುವ ವ್ಯಾನು ಸೇತುವೆಯ ಮಂಜಿನಲ್ಲಿ ಸಿಕ್ಕಿಕೊಂಡಿತ್ತು. ಆಕೆ ನೆಲ ಗುಡಿಸಿದಳು, ಕಿಟಕಿ ಒರೆಸಿದಳು. ಮೂರೂವರೆಗೆ ಬೆಳಕು ಕುಂದತೊಡಗಿದಾಗ ಸೊಂಟ ನೋಯುತ್ತಿತ್ತು. ಕೂರಲು ಬೇರೆ ಆಸನವಿರಲಿಲ್ಲ.

ಹೆಸ್ಟರ್ ಕುಳಿತಳು. ದಿಂಬು ಬೆಚ್ಚಗಿತ್ತು.

ಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಬಹುಕಾಲ ಕುಳಿತು ಜೋಮು ಹಿಡಿದವರ ಹೆಜ್ಜೆಯಲ್ಲ, ಸ್ವಂತ ಮನೆಯಲ್ಲಿ ಓಡಾಡುವವರ ಹೆಜ್ಜೆ. ಬಾಗಿಲು ತೆರೆಯಿತು. ಬಂದವರನ್ನು ಕಂಡರೆ ಏಳಬೇಕೆಂಬ ಹುಟ್ಟುಗುಣದಿಂದ ಹೆಸ್ಟರ್ ಕುರ್ಚಿಯ ತೋಳುಗಳನ್ನು ಹಿಡಿದಳು.

"ಅಯ್ಯೋ, ಬೇಡ ಬೇಡ" ಎಂದಿತು ಒಂದು ಮೃದುವಾದ ಕಂಠ. "ನನಗೋಸ್ಕರ ಏಳ್ಬೇಡಿ."

ನಾಲ್ಕು ಗಂಟೆಗೆ ವ್ಯಾನು ಬಂದಿತು. ಇಬ್ಬರು ಆಳುಗಳು ಪಿಯಾನೊವನ್ನು ಹೊಸ್ತಿಲು ದಾಟಿಸಿ, ಏದುಸಿರು ಬಿಡುತ್ತ ಕೂಗಿದರು: "ಅಮ್ಮಾ, ಇದನ್ನ ಎಲ್ಲಿಡೋಣ? ಹಿಂದಿನ ಕೋಣೆ ಅಂತ ಬರೆದಿದೆ."

"ಬೇಡಪ್ಪ, ಇಲ್ಲೇ ಮುಂದೆ ಇಡಿ" ಎಂದಳು ಬೂದುಬಣ್ಣದ ಉಣ್ಣೆ ತೊಟ್ಟ ಮನೆಯಾಕೆ ಹಜಾರದ ನೆರಳಿನಿಂದ.

ಅವರಲ್ಲೊಬ್ಬ ಕೈತೊಳೆಯಲು ನೀರು ಹುಡುಕುತ್ತ ಹಿಂದಿನ ಕೋಣೆಯಲ್ಲಿ ಇಣುಕಿದ. ಕಿಟಕಿ, ಅದರ ಬಳಿ ಒಂದು ಕುರ್ಚಿ. ದಿಂಬಿನ ನಡುವೆ ಆಳವಾದ ತಗ್ಗು. ಹೆಸ್ಟರ್ ಆತನನ್ನು ನೋಡಿದಳು, ಅಭ್ಯಾಸಬಲದಿಂದ ಏಳಲು ಹೋದಳು. ಆತ ಖಾಲಿ ಕೋಣೆಯೆಂದುಕೊಂಡು ಬಾಗಿಲೆಳೆದುಕೊಂಡ.